ಝಕಾತ್ ಅಂದರೆ ಲೆಕ್ಕ

ಉಳ್ಳ ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಸಂಪತ್ತಿನ ಶೇ. 2.5ನ್ನು ಅರ್ಹರಿಗೆ ಕೊಡಲೇಬೇಕಾದ ಪಾಲು ಝಕಾತ್. ರಮಝಾನ್ ಬಂತೆಂದರೆ ನೂರರ ನೋಟಿನ ಕಟ್ಟು ಬಿಡಿಸಿ, ಬಾಗಿಲಿಗೆ ಬಂದವರಿಗೆಲ್ಲ ಕೊಟ್ಟು, ಕಟ್ಟು ಮುಗಿದ ದಿನ 'ಈ ವರ್ಷದ ಝಕಾತ್ ಆಯ್ತು' ಅನ್ನುವವರು ಬಹಳ. ಅದು ಸದಕಾ, ಅಂದರೆ ಸ್ವಇಚ್ಛೆಯ ದಾನ, ಒಳ್ಳೆಯದೇ. ಆದರೆ ಲೆಕ್ಕ ಹಾಕದೆ ಝಕಾತ್ ತೀರಿತೋ ಇಲ್ಲವೋ ಗೊತ್ತಾಗುವುದು ಹೇಗೆ? ನಮಾಝಿನಲ್ಲಿ ಒಂದು ರಕಅತ್ (ನಮಾಝಿನ ಒಂದು ಸುತ್ತು) ತಪ್ಪಿತೇನೋ ಎಂದು ಚಡಪಡಿಸುವವರೂ ಇಲ್ಲಿ ಅಂದಾಜಿನ ಮೇಲೆ ಬಿಡುತ್ತಾರೆ.

ಮೊದಲು ತಾರೀಕು. ನಿಮ್ಮ ಸಂಪತ್ತು ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಮಿತಿ) ಮುಟ್ಟಿದ ಹಿಜರಿ, ಅಂದರೆ ಚಾಂದ್ರಮಾನದ, ದಿನವೇ ನಿಮ್ಮ ಝಕಾತ್ ದಿನ. ಅದು ಶಾಬಾನ್ 10 ಆಗಿದ್ದರೆ ಪ್ರತಿ ವರ್ಷ ಶಾಬಾನ್ 10, ರಮಝಾನಿಗೆ ಕಾಯಬೇಕಿಲ್ಲ. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಮಾರ್ಚ್ 31ಕ್ಕೇ ಲೆಕ್ಕ ಮುಗಿಸುವ ವ್ಯಾಪಾರಿ ಶೇ. 2.5ರ ಬದಲು 2.577 ಕೊಡಬೇಕು. ಇಲ್ಲದಿದ್ದರೆ 33 ವರ್ಷದಲ್ಲಿ ಇಡೀ ಒಂದು ವರ್ಷದ್ದು ಬಾಕಿ.

ನಿಸಾಬ್ ಅಂದರೆ ಚಿನ್ನ ಏಳೂವರೆ ತೊಲ, ಬೆಳ್ಳಿ ಐವತ್ತೆರಡೂವರೆ ತೊಲ. ಎಡವುವುದು ಇಲ್ಲೇ. ಇವತ್ತು ಅಂಗಡಿಯಲ್ಲಿ ತೊಲ ಅಂದರೆ ಸಾಮಾನ್ಯವಾಗಿ 10 ಗ್ರಾಂ, ಹಳೆಯ ತೊಲ 11.664 ಗ್ರಾಂ. ಆದ್ದರಿಂದ ಚಿನ್ನ 87.48 ಗ್ರಾಂ, ಬೆಳ್ಳಿ 612.36 ಗ್ರಾಂ, 75 ಮತ್ತು 525 ಅಲ್ಲ. 'ನನ್ನ ಹತ್ತಿರ ಐದೇ ತೊಲ' ಎಂದು ನಿಶ್ಚಿಂತೆಯಿಂದ ಇರುವುದೂ ತಪ್ಪು. ಜೊತೆಗೆ ಖರ್ಚಿಗೆ ಮಿಕ್ಕ ಸ್ವಲ್ಪ ನಗದು ಇದ್ದರೂ ಹನಫಿ ಮಝ್‌ಹಬಿನ (ಇಸ್ಲಾಮಿನ ನ್ಯಾಯಪಂಥಗಳಲ್ಲಿ ಒಂದರ) ಲೆಕ್ಕದಲ್ಲಿ ಎರಡನ್ನೂ ಕೂಡಿಸಿ ಬೆಳ್ಳಿಯ ಬೆಲೆಗೆ ಹೋಲಿಸಬೇಕು.

ಧರಿಸುವ ಒಡವೆಯ ವಿಷಯದಲ್ಲಿ ಮಝ್‌ಹಬ್ ನೋಡಿಕೊಳ್ಳಿ. ಹನಫಿಗಳಿಗೆ ಅದಕ್ಕೂ ಝಕಾತ್ ಉಂಟು. ಶಾಫಿಗಳಿಗೆ, ಅಂದರೆ ನಮ್ಮ ಕಡೆ ಹೆಚ್ಚಿನ ಬ್ಯಾರಿಗಳು ಮತ್ತು ಭಟ್ಕಳದ ನವಾಯತರಿಗೆ, ಮಿತಿಯಲ್ಲಿ ಧರಿಸುವುದಕ್ಕೆ ಇಲ್ಲ. ಕೂಡಿಡಲೆಂದೇ ಕೊಂಡದ್ದಕ್ಕೆ ಉಂಟು. ಒಡವೆ ಹೆಂಡತಿಯದಾದರೆ ಝಕಾತಿನ ಹೊಣೆಯೂ ಅವಳದೇ. ಅವಳ ಒಪ್ಪಿಗೆ ಪಡೆದು ಗಂಡ ಕೊಡಬಹುದು, ಬೇಕೆಂದೇ ಮರೆಯುವ ಹಾಗಿಲ್ಲ. ಬೆಲೆ ಅಂದಿನ ಮಾರುಕಟ್ಟೆಯದು. ಮಜೂರಿ, ಕಲ್ಲು ಸೇರಿಸಬೇಡಿ.

ವಾಸದ ಮನೆ, ಓಡಿಸುವ ಬೈಕು, ಅಂಗಡಿಯ ಫ್ರಿಜ್ಜು, ಹೊಲಿಗೆ ಯಂತ್ರ ಲೆಕ್ಕಕ್ಕಿಲ್ಲ. ಮಾರಲೆಂದೇ ಕೊಂಡ ಸೈಟು ಉಂಟು. ಬಾಡಿಗೆ ಮನೆಯ ಬೆಲೆಗಿಲ್ಲ, ಬಾಡಿಗೆಯಿಂದ ಉಳಿದ ಹಣಕ್ಕುಂಟು.

ಒಬ್ಬ ಹನಫಿ ಬಟ್ಟೆ ವ್ಯಾಪಾರಿಯ ಲೆಕ್ಕ ಹಾಕೋಣ. ಸರಕು ಇವತ್ತಿನ ಮಾರಾಟ ಬೆಲೆಯಲ್ಲಿ 4 ಲಕ್ಷ, ಬ್ಯಾಂಕಿನಲ್ಲಿ ಒಂದೂವರೆ ಲಕ್ಷ, ಅವನದೇ ಚಿನ್ನ 3 ಲಕ್ಷದ್ದು, ಖಂಡಿತ ಬರುವ ಉದ್ರಿ 50 ಸಾವಿರ. ಒಟ್ಟು 9 ಲಕ್ಷ. ಹೋಲ್‌ಸೇಲಿನವರಿಗೆ ಕೊಡಬೇಕಾದ 1 ಲಕ್ಷ ಕಳೆದರೆ 8 ಲಕ್ಷ. ಶೇ. 2.5 ತೆಗೆಯಲು ನಲವತ್ತರಿಂದ ಭಾಗಿಸಿದರೆ 20 ಸಾವಿರ. ಶಾಫಿಗಳಲ್ಲಿ ಪ್ರಬಲ ಅಭಿಪ್ರಾಯದ ಪ್ರಕಾರ ಸಾಲ ಕಳೆಯುವಂತಿಲ್ಲ.

ಯಾರಿಗೆ ಕೊಡಬೇಕೆಂಬ ಎಂಟು ವರ್ಗಗಳು ಕುರ್‌ಆನಿನ ತೌಬಾ ಅಧ್ಯಾಯದ 60ನೇ ವಚನದಲ್ಲಿವೆ. ತಂದೆ, ತಾಯಿ, ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳಿಗೆ ಸಲ್ಲದು, ಅವರನ್ನು ಸಾಕುವುದು ಹೇಗೂ ನಿಮ್ಮ ಕರ್ತವ್ಯ. ಬಡ ತಂಗಿಗೆ, ಚಿಕ್ಕಪ್ಪನಿಗೆ ಸಲ್ಲುತ್ತದೆ, ಎರಡು ಪಟ್ಟು ಪುಣ್ಯ. ಮಸೀದಿಯ ಟೈಲ್ಸಿಗೆ ಸಲ್ಲದು; ಪಡೆದವರು ಅದರ ಮಾಲೀಕರಾಗಬೇಕು.

ಗೇಟಿನ ಮುಂದೆ ಹೆಂಗಸರನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಫೋಟೋ ತೆಗೆಯುವುದನ್ನು ಯಾವ ಮಝ್‌ಹಬೂ ಕೇಳಿಲ್ಲ. 'ಇದು ಝಕಾತ್' ಎಂದು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಕೊಡುವವರ ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು. ಲಕೋಟೆ ಕೈಗಿಟ್ಟು 'ಮಕ್ಕಳಿಗೆ ಹಬ್ಬಕ್ಕೆ' ಅಂದರೂ ಝಕಾತ್ ತೀರುತ್ತದೆ.