ಗಿಡ ಕದ್ದ ಮೆಂಬರಮ್ಮ

ನಮ್ಮೂರಲ್ಲಿ ಮೆಂಬರ್ ಅಂದರೆ ನಮ್ಮ ಯಜಮಾನರು. ಚುನಾವಣೆಗೆ ನಿಂತಿದ್ದು ನಾನು, ಗೆದ್ದಿದ್ದು ನಾನು, ಸಹಿ ಹಾಕುವುದೂ ನಾನೇ. ಆದರೆ ರಸ್ತೆಯಲ್ಲಿ ಯಾರಾದರೂ "ನಮಸ್ಕಾರ ಮೆಂಬರೇ" ಅಂದರೆ ತಿರುಗಿ ಕೈ ಮುಗಿಯುವವರು ಅವರು. ಗ್ರಾಮ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಿದೆ. ನಮಸ್ಕಾರದಲ್ಲಿ ಎಷ್ಟು ಪಾಲು ಅಂತ ಅದರಲ್ಲಿ ಬರೆದಿಲ್ಲ. ಬೈಗುಳ ಮಾತ್ರ ನೇರವಾಗಿ ನನ್ನ ಮನೆಬಾಗಿಲಿಗೇ ಬರುತ್ತದೆ. ಅದರಲ್ಲಿ ಯಾರಿಗೂ ಗೊಂದಲ ಇಲ್ಲ.

2025ರ ಜೂನ್ ಮೊದಲ ವಾರ. ಸೋಮವಾರ ಬೆಳಗ್ಗೆ ಮುದ್ದೆಗೆ ಎಸರಿಟ್ಟಿದ್ದೆ. ಎದುರು ಬೀದಿ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಶುರು ಮಾಡಿದರು. "ಆಂಜನೇಯನ ಗುಡಿ ಹತ್ರ ವಾಲ್ವು ಸೋರಿ ಸೋರಿ ಗದ್ದೆ ಆಗೈತೆ. ರಿಪೇರಿ ಆಗ್ದಿದ್ರೆ ನಾಟಿನಾದ್ರೂ ಹಾಕ್ಸು, ಎರಡು ಮೂಟೆ ಭತ್ತ ಬತ್ತೈತೆ."

ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಆ ವಾಲ್ವು ಒಂದೇ ಒಂದು ತುಂಬು ಸಂಸಾರದ ನೀರು ಕುಡಿಯುತ್ತಿತ್ತು. ನೀರುಗಂಟಿಗೆ ಫೋನ್ ಮಾಡಿದೆ. "ಒಳಗಡೆ ಸುತ್ತೋ ದಾರ ಹೋಗೈತೆ ಅಕ್ಕ, ಪೇಟೆಗೆ ಹೋದಾಗ ತತ್ತೀನಿ" ಅಂದ. ಆರು ತಿಂಗಳಿಂದ ಇದೇ ಮಾತು. ವಾರಕ್ಕೆರಡು ಸಲ ಪೇಟೆಗೆ ಹೋಗುತ್ತಾನೆ. ದಾರಕ್ಕೂ ಅವನಿಗೂ ಮಾತ್ರ ಭೇಟಿ ಆಗಿಲ್ಲ.

ಮಂಗಳವಾರ ಕಸದ ಜಾಗೃತಿ. ಸ್ವಚ್ಛವಾಹಿನಿ ಗಾಡಿ ಓಡಿಸುವ ಹುಡುಗಿ ಜೊತೆ ಮನೆಮನೆಗೂ ಹೋಗಿ ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಪಾಠ ಹೇಳುತ್ತಿದ್ದೆ. ಕೊನೆ ಮನೆ ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ, "ಹಸೀದು ಎಮ್ಮೆಗೆ ಹಾಕ್ತೀನಿ, ಒಣಗಿದ್ದು ಒಲೆಗೆ ಹಾಕ್ತೀನಿ. ನಿಮ್ಮ ಗಾಡಿಗೆ ಏನು ಹಾಕ್ಲವ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಮ್ಮಗ ತಿಂದು ಬಿಸಾಕಿದ ಚಿಪ್ಸ್ ಕವರು ಹುಡುಕಿ, ಅದನ್ನು ಗಾಡಿಗೆ ಹಾಕಿಸಿ ಮರ್ಯಾದೆ ಉಳಿಸಿಕೊಂಡೆ.

ಬುಧವಾರ ಗುಂಡಿ ತೋಡುವ ಕೆಲಸ. ಅದರಲ್ಲಿ ಒಂದು ಅನುಕೂಲ ಇತ್ತು. ಹೋದ ವರ್ಷದ ಗುಂಡಿಗಳು ಹಾಗೇ ಇದ್ದವು. ಆಗ ರಸ್ತೆ ಬದಿ ನೆಟ್ಟಿದ್ದು 20 ಗಿಡ, ಉಳಿದಿದ್ದು ಒಂದು ಹೊಂಗೆ. ಗುಡಿ ಹತ್ತಿರ ನನ್ನೆತ್ತರಕ್ಕೆ ಬೆಳೆದು ನಿಂತಿದೆ. ಹೊಂಗೆಗೆ ದನ, ಮೇಕೆ ಅಷ್ಟು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಅದಕ್ಕೇ ಉಳಿಯಿತು ಅಂದುಕೊಂಡಿದ್ದೆ. ಆಂಜನೇಯನ ಮಹಿಮೆ ಅನ್ನುವುದು ಪೂಜಾರಿಯ ವಾದ. ಸಭೆಯಲ್ಲಿ ನಾನು "ನಮ್ಮ ನಿರ್ವಹಣೆ" ಅಂದಿದ್ದೆ. ಸುಮ್ನೆ.

ಗುರುವಾರ ಜೂನ್ 5, ವಿಶ್ವ ಪರಿಸರ ದಿನ. 1973ರಿಂದ ಆಚರಿಸುತ್ತಾ ಬಂದಿದ್ದಾರೆ, ವರ್ಷಕ್ಕೊಂದು ವಿಷಯ ಕೊಡುತ್ತಾರೆ. ಆ ವರ್ಷದ್ದು ಪ್ಲಾಸ್ಟಿಕ್ ಮಾಲಿನ್ಯ ತಡೆ. ಅದನ್ನು ದೊಡ್ಡ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿದ್ದೆವು. ಫ್ಲೆಕ್ಸ್ ಯಾವುದರಿಂದ ಮಾಡುತ್ತಾರೆ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಹತ್ತಕ್ಕೆ ಬರಬೇಕಾದ ಅತಿಥಿಗಳು ಹನ್ನೆರಡೂವರೆಗೆ ಬಂದರು. ಶಾಲೆ ಮಕ್ಕಳು ಬಾಡಿದ್ದರು, ಗಿಡಗಳೂ ಬಾಡಿದ್ದವು. ಅತಿಥಿಗಳು ಪ್ಲಾಸ್ಟಿಕ್ ಬಿಡಬೇಕು ಅಂತ ಹದಿನೈದು ನಿಮಿಷ ಮಾತಾಡಿ, ನೇರಳೆ ಗಿಡವನ್ನು ಕರಿ ಕವರ್ ಸಮೇತ ಗುಂಡಿಗಿಟ್ಟು ಮಣ್ಣು ಎಳೆದರು. ನರ್ಸರಿ ಕವರ್ ತೆಗೆದೇ ಇಲ್ಲ! ಪಿಡಿಒ ನನ್ನ ಮುಖ ನೋಡಿದರು, ನಾನು ಪಿಡಿಒ ಮುಖ ನೋಡಿದೆ. ಅಷ್ಟು ದೊಡ್ಡವರಿಗೆ "ಸರ್, ಕವರ್" ಅಂತ ಹೇಳುವುದು ಯಾರು? ಫೋಟೊ ಆಯಿತು, ಚಪ್ಪಾಳೆ ಆಯಿತು, ಖಾರಾಭಾತು ಕೇಸರಿಭಾತೂ ಆಯಿತು.

ರಾತ್ರಿ ನಿದ್ದೆ ಬರಲಿಲ್ಲ. ಆ ಕವರಿನೊಳಗೆ ಬೇರು ಸುತ್ತಿ ಸುತ್ತಿ ಗಿಡ ಸಾಯುತ್ತದಲ್ಲ ಅಂತ ಒಂದೇ ಯೋಚನೆ. ಹತ್ತೂವರೆಗೆ ಎದ್ದು ಟಾರ್ಚು, ಸಣ್ಣ ಗುದ್ದಲಿ, ಬ್ಲೇಡು ಹಿಡಿದು ಹೊರಟೆ. ಗಿಡ ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಇನ್ನೇನು ಕವರ್ ಸೀಳಬೇಕು, ಬೈಕಿನ ಲೈಟು ಮುಖಕ್ಕೆ ಬಿತ್ತು.

"ಯಾರದು, ಗಿಡ ಕೀಳ್ತಿರೋದು?"

ಇಬ್ಬರು ಹುಡುಗರು. ನನ್ನ ಗುರುತು ಸಿಕ್ಕಿತು. ವಿಡಿಯೋ ಮಾಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ನಾನೇ. ಕೆಳಗೆ ಒಂದು ಸಾಲು: "ಹಗಲು ನೆಡೋರೂ ಇವರೇ, ರಾತ್ರಿ ಕೀಳೋರೂ ಇವರೇ." ನಮ್ಮ ಯಜಮಾನರು ಕಾಫಿ ಲೋಟ ಕುಕ್ಕಿ, "ಮೆಂಬರ್ ಮರ್ಯಾದೆ ತೆಗೆದೆಯಲ್ಲೇ!" ಅಂದರು. ಅವರ ಮರ್ಯಾದೆ ಅಂತ ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು.

ಶುಕ್ರವಾರ ಅದೇ ಹುಡುಗರನ್ನು ಕರೆಸಿ ಗುದ್ದಲಿ ಕೊಟ್ಟೆ. ಉಳಿದ ಗಿಡಗಳನ್ನೂ ಕೆದಕಿ ನೋಡಿದರೆ, ಅತಿಥಿಗಳದ್ದೂ ಸೇರಿ 19ರಲ್ಲಿ 11 ಗಿಡ ಕವರ್ ಉಟ್ಟುಕೊಂಡೇ ಕೂತಿದ್ದವು. ಆ ಹನ್ನೊಂದು ಕವರನ್ನು ಜೋಡಿಸಿ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಅದಕ್ಕೆ ಒಬ್ಬರೂ ಒಂದು ಕೈ ಮುಗಿಯುವ ಚಿತ್ರ ಕೂಡ ಹಾಕಲಿಲ್ಲ. ವಿಡಿಯೋ ಮಾತ್ರ ಪಕ್ಕದೂರಿಗೂ ಹೋಯಿತು.

ಶನಿವಾರ ಪಂಚಾಯ್ತಿ ಸಭೆ. ಸಿಟ್ಟನ್ನೆಲ್ಲ ಆ ವಾಲ್ವಿನ ಮೇಲೆ ತೀರಿಸಿಕೊಂಡೆ. ಸಂಜೆಯೊಳಗೆ ದಾರ ಬಂತು. ಪೇಟೆಯಿಂದ ಅಲ್ಲ, ಪಂಚಾಯ್ತಿ ಎದುರಿನ ಅಂಗಡಿಯಿಂದ. ನೀರುಗಂಟಿ ದಾರ ಸುತ್ತಿ ನಟ್ಟು ಬಿಗಿದ. ಒಂದು ಹನಿ ಸೋರಲಿಲ್ಲ. ಆ ವಾರ ಒಂದಾದರೂ ಕೆಲಸ ನೆಟ್ಟಗಾಯಿತು ಅಂತ ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಮತ್ತೆ ಚಿಕ್ಕಮ್ಮ.

"ವಾಲ್ವು ಯಾಕೆ ಕಟ್ಸಿದ್ದು? ನನ್ನ ಮೇಕೆ ಅಲ್ಲೇ ನೀರು ಕುಡೀತಿದ್ವು. ಈಗ ಎಲ್ಲಿಗೆ ಹೋಗ್ಬೇಕು ಅವು?"

ಅವರನ್ನು ಕರೆದುಕೊಂಡೇ ಗುಡಿ ಹತ್ತಿರ ಹೋದೆ. ಮೇ ತಿಂಗಳಲ್ಲೇ ಬಂದು ಹೋದ ಮಳೆಯ ಸುಳಿವಿಲ್ಲ. ಕೆಸರೆಲ್ಲ ಬಿರುಕು ಬಿಡಲು ಶುರುವಾಗಿತ್ತು. ಬಿರುಕಿನ ಗೆರೆ ವಾಲ್ವಿನಿಂದ ಹೊರಟು ನೆಟ್ಟಗೆ ಹೊಂಗೆ ಬುಡಕ್ಕೆ ಹೋಗಿ ನಿಂತಿತ್ತು. ಪಕ್ಕದಲ್ಲಿ ಮೊನ್ನೆ ನೆಟ್ಟ ನೇರಳೆ ತಲೆ ಬಗ್ಗಿಸಿತ್ತು. ಹೊಂಗೆ ಯಾಕೆ ಉಳಿದಿತ್ತು ಅಂತ ಆಗ ಹೊಳೆಯಿತು. ದೇವರೂ ಅಲ್ಲ, ನಮ್ಮ ನಿರ್ವಹಣೆಯಂತೂ ಮೊದಲೇ ಅಲ್ಲ.

ನೀರು ಬಿಡಲು ಬಂದಿದ್ದ ನೀರುಗಂಟಿ ಸ್ಪ್ಯಾನರ್ ಹಿಡಿದು ನನ್ನನ್ನೇ ನೋಡುತ್ತಿದ್ದ.

"ಅಕ್ಕ, ಒಂದು ಸುತ್ತು ಸಡ್ಲ ಮಾಡ್ಲಾ?"

ಆ ಕಡೆ ಈ ಕಡೆ ನೋಡಿದೆ. ಬೈಕ್ ಹುಡುಗರು ಇರಲಿಲ್ಲ.

"ಅರ್ಧ ಸುತ್ತು ಸಾಕು" ಅಂದೆ.