ತಡೆಯಾಜ್ಞೆ ಬಂದ ದಿನವೇ ಸಂಬಳದ ಆದೇಶವೂ ಬರಲಿ

ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದೆವೆಂದು ಪೇಢೆ ಹಂಚಲು ಅವಸರ ಮಾಡಬೇಡಿ ಎಂದು ಕೊಪ್ಪಳದ ಗಿಣಿಗೇರಿ ಕಡೆಯ ಗೆಳೆಯರಿಗೆ ಹೇಳುತ್ತಲೇ ಇರುತ್ತೇನೆ. ವಜಾ ಮಾಡಿದ್ದು ತಪ್ಪು, ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎಂದು ಐತೀರ್ಪು (ಕಾರ್ಮಿಕ ನ್ಯಾಯಾಲಯದ ತೀರ್ಪು) ಬರುತ್ತದೆ. ಅದು ಬಂದು 30 ದಿನಕ್ಕೆ ಜಾರಿಗೆ ಬರಬೇಕು. ಅಷ್ಟರಲ್ಲಿ ಆಡಳಿತ ಮಂಡಳಿಯವರು ಧಾರವಾಡದ ಹೈಕೋರ್ಟ್ ಪೀಠದಿಂದ ತಡೆಯಾಜ್ಞೆ ತಂದಿರುತ್ತಾರೆ. (ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ, ರಾಯಚೂರಿನವರಿಗೆ ಕಲಬುರಗಿ.)

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಐತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಸಂವಿಧಾನದ 226, 227ನೇ ವಿಧಿಗಳಡಿ ರಿಟ್ ಅರ್ಜಿಯೊಂದೇ ದಾರಿ. ಅಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ, ಕಡತ ಮಾತ್ರ ಮಾತನಾಡುತ್ತದೆ. ಆದ್ದರಿಂದ ಸೋತ ಕಾರ್ಮಿಕನೂ ತಿಳಿದಿರಬೇಕು: ಸೂಪರ್‌ವೈಸರ್‌ನ ಸುಳ್ಳನ್ನು ಕೆಳಗಿನ ಕೋರ್ಟಿನ ಪಾಟಿ ಸವಾಲಿನಲ್ಲೇ ಬಯಲಿಗೆಳೆಯದಿದ್ದರೆ ಧಾರವಾಡಕ್ಕೆ ಹೋಗಿ ಕೂಗಾಡಿ ಫಲವಿಲ್ಲ.

ನನ್ನ ತಕರಾರು ಇರುವುದು ಸಂಬಳದ ಬಗ್ಗೆ. ಮಾಲೀಕರು ಹೈಕೋರ್ಟಿನಲ್ಲಿ ಎಷ್ಟು ವರ್ಷ ಎಳೆದರೂ, ಕೆಲಸಕ್ಕೆ ವಾಪಸ್ ಎಂಬ ಐತೀರ್ಪು ಪಡೆದವನಿಗೆ ಕೊನೆಯದಾಗಿ ಪಡೆದಷ್ಟು ಪೂರ್ಣ ವೇತನ ಕೊಡಬೇಕೆಂದು ಅದೇ ಕಾಯ್ದೆಯ 17-ಬಿ ಕಲಂ ಹೇಳುತ್ತಿತ್ತು. 1984ರಿಂದ ಜಾರಿಯಲ್ಲಿದ್ದ ಕಲಂ ಅದು. ಕಡೆಗೆ ಕಾರ್ಮಿಕ ಸೋತರೂ ಆ ಹಣ ಹಿಂದಿರುಗಿಸಬೇಕಿಲ್ಲ ಎಂದು 1997ರ ದೇನಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕಾಗದದ ಮೇಲೆ ಎಲ್ಲವೂ ಚೆಂದ.

ನಡೆಯುವುದು ಮಾತ್ರ ಹೀಗೆ. ಬೇರೆಲ್ಲೂ ಕೆಲಸದಲ್ಲಿಲ್ಲ ಎಂದು ಕಾರ್ಮಿಕನೇ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು, ಪ್ರತ್ಯೇಕ ಅರ್ಜಿ ಹಾಕಬೇಕು, ಅದಕ್ಕೆ ಆಕ್ಷೇಪಣೆ ಬರಬೇಕು, ಆಮೇಲೆ ವಾಯಿದೆ. ನಮ್ಮ ಓಣಿಯ ಒಬ್ಬರ ಅರ್ಜಿಗೆ ಕಂಪನಿಯವರು ಒಂದು ಫೋಟೊ ಲಗತ್ತಿಸಿದ್ದರು. ಹೆಂಡತಿಯ ಮಿರ್ಚಿ ಬಂಡಿಯ ಹಿಂದೆ ನಿಂತು ಇವರು ಬಾಣಲೆಗೆ ಎಣ್ಣೆ ಸುರಿಯುತ್ತಿದ್ದಾರೆ; ಕೆಳಗೆ ‘ಸ್ವಂತ ವ್ಯಾಪಾರ’ ಎಂಬ ಒಕ್ಕಣೆ. ಸಾಕಷ್ಟು ಸಂಪಾದನೆ ಇದೆ ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. ಆದರೂ ಹುಬ್ಬಳ್ಳಿ ರೈಲು ಹತ್ತಿ ಅಲೆದವರು ಇವರೇ. ಫೋಟೊ ತೆಗೆಯಲು ಆಳು ಕಳಿಸುವಷ್ಟು ದುಡ್ಡಿರುವವರಿಗೆ ತಿಂಗಳ ಸಂಬಳ ಕೊಡಲು ಏನು ದಾಡಿ? ಅದೂ ವಜಾ ಆದ ವರ್ಷದ ಹಳೆಯ ಸಂಬಳ! ಬೇಳೆ, ಎಣ್ಣೆಗೆ ಮಾತ್ರ ಈಗಿನ ಧಾರಣೆ.

ಆದ್ದರಿಂದ ತಡೆಯಾಜ್ಞೆ ಕೊಡುವ ದಿನವೇ, ಇಂತಿಷ್ಟು ವೇತನವನ್ನು ಪ್ರತಿ ತಿಂಗಳು ಖಾತೆಗೆ ಹಾಕಿದರೆ ಮಾತ್ರ ತಡೆ ಉಳಿಯುತ್ತದೆ ಎಂಬ ಷರತ್ತು ಇರಬೇಕು. ಆಗ ಪ್ರಕರಣ ಬೇಗ ಮುಗಿಸಲು ಮಾಲೀಕರೇ ಓಡಾಡುತ್ತಾರೆ.

ಅಂದ ಹಾಗೆ, ಫೀಸಿಗೆ ಹೆದರಿ ಕುಳಿತವರಿಗೆ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲಿ ಉಚಿತ ವಕೀಲರನ್ನು ಪಡೆಯುವವರ ಪಟ್ಟಿಯಿದೆ. ಕೈಗಾರಿಕಾ ಕಾರ್ಮಿಕರೂ ಅದರಲ್ಲಿದ್ದಾರೆ. ಐತೀರ್ಪಿನ ಪ್ರತಿ ಹಿಡಿದುಕೊಂಡು ಧಾರವಾಡ ಪೀಠದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.