ಒಂದು ಸೀನಿನ ಶಿಕಾರಿ

ಕೊಡಗಿನವರ ಜೊತೆ ಶಿಕಾರಿಗೆ ಹೋಗುತ್ತೇನೆ ಅಂದರೆ ಯಾರಿಗಾದರೂ ಒಂದು ನಂಬಿಕೆ ಬರುತ್ತದೆ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸೋ ಜನ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಜನ. ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ನಮ್ಮ ಮನೆ ಹತ್ತಿರವೇ ಇರುವ ನನ್ನ ಗೆಳೆಯನೂ ಅದೇ ನಾಡಿನವನು. "ಏಪ್ರಿಲ್‌ನಲ್ಲಿ ಟರ್ಕಿ ಶಿಕಾರಿ ಉಂಟು, ಬಾ ಮಾರಾಯ. ಲೈಸೆನ್ಸು, ಕೋವಿ ಎಲ್ಲ ನಂದು. ನೀನು ಸುಮ್ನೆ ಕೂತಿದ್ರೆ ಸಾಕು" ಅಂದ. ನಾನು ತೀರ್ಥಹಳ್ಳಿಯವನು. ನಮ್ಮ ಕಡೆ ಬಸ್ ಕಾಯುವಾಗಲೂ ಯಾರೂ ಸುಮ್ನೆ ಕೂರುವುದಿಲ್ಲ. ಆದರೂ ಹೂಂ ಅಂದೆ.

ಟರ್ಕಿ ಅಂದರೆ ನವೆಂಬರ್‌ನಲ್ಲಿ ಅಂಗಡಿಯ ಫ್ರೀಜರ್‌ನಲ್ಲಿ ಮಲಗಿರುವ ಬಿಳಿ ದಪ್ಪ ಕೋಳಿ ಎಂದೇ ನನಗೆ ಗೊತ್ತಿದ್ದದ್ದು. ಕಾಡಿನದು ನೋಡಲು ಬೇರೆಯೇ. ತೆಳ್ಳಗೆ, ಕಪ್ಪುಕಂದು ಮೈ. ಚೆನ್ನಾಗಿ ಹಾರುತ್ತದೆ, ರಾತ್ರಿ ಮರದ ಮೇಲೆ ಮಲಗುತ್ತದೆ. ಒಂದು ಕಾಲದಲ್ಲಿ ಮಿಸ್ಸೌರಿಯಲ್ಲಿ ಇದನ್ನು ಹೊಡೆದು ಹೊಡೆದು ಮುಗಿಸಿಯೇಬಿಟ್ಟಿದ್ದರು. 1937ರಲ್ಲಿ ಬೇಟೆ ನಿಲ್ಲಿಸಿ, ಉಳಿದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟು ಬೆಳೆಸಿದರು. ಮತ್ತೆ ಬೇಟೆ ಶುರುವಾದದ್ದು 1960ರಲ್ಲಿ. ವಸಂತದಲ್ಲಿ ಹೊಡೆಯಬೇಕಾದರೆ ಹಕ್ಕಿ ಹುಂಜ ಆಗಿರಬೇಕು, ಇಲ್ಲವೇ ಗಡ್ಡ ಕಾಣಬೇಕು. ಗಡ್ಡ ಎಂದರೆ ಎದೆಯಿಂದ ಜೋತುಬೀಳುವ ಒರಟು ಕೂದಲಿನಂಥ ಜುಟ್ಟು. ಕೆಲವು ಹೇಂಟೆಗಳಿಗೂ ಅದು ಬೆಳೆಯುತ್ತದೆ. ಪಾಪ, ಕಾನೂನು ಅವಕ್ಕೆ ರಿಯಾಯಿತಿ ಕೊಟ್ಟಿಲ್ಲ.

ಶುಕ್ರವಾರ ಸಂಜೆ ಹೊರಟೆವು. ಕಾರಿನಲ್ಲಿ ಕೂತ ಕೂಡಲೇ ಪಾಠ ಶುರು. ಕೆಂಪು, ಬಿಳಿ, ನೀಲಿ ಬಣ್ಣ ಮೈಮೇಲೆ ಎಲ್ಲೂ ಕಾಣಬಾರದು. ಟರ್ಕಿ ಹುಂಜದ ತಲೆ ಇದೇ ಮೂರು ಬಣ್ಣದ್ದು. ಪೊದೆಯ ಹಿಂದೆ ಒಂದು ಚೂರು ಕೆಂಪು ಕಂಡರೂ ಆ ಕಡೆಯ ಬೇಟೆಗಾರ ನಿನ್ನನ್ನೇ ಹುಂಜ ಅಂದುಕೊಳ್ಳಬಹುದು. ಅಮೆರಿಕದ ಬಾವುಟ ಹೊದ್ದು ಹೋಗಬಾರದ ಜಾಗ ಅಮೆರಿಕದಲ್ಲಿ ಇದೊಂದೇ ಇರಬೇಕು. ಹೀಗೆ ಹೇಳುತ್ತಾ ಅವನು ನನ್ನ ಕಡೆ ತಿರುಗಿದ. ಹೊರಡುವಾಗ ಹೆಂಡತಿ ಹಣೆಗೆ ಇಟ್ಟಿದ್ದ ಕುಂಕುಮ ಹಾಗೇ ಇತ್ತು. ಮುಂದಿನ ಪೆಟ್ರೋಲ್ ಬಂಕ್‌ನಲ್ಲಿ ಗಾಡಿ ನಿಲ್ಲಿಸಿ, ಒದ್ದೆ ಟಿಶ್ಯೂ ತಂದು ತಾನೇ ಒರೆಸಿದ. "ಇದಕ್ಕೆ ಕಣ್ಣು ಭಾರಿ ಚುರುಕು. ಕಿವಿಯೂ ಅಷ್ಟೇ. ಮೂಗು ಮಾತ್ರ ಇಲ್ಲ ಅನ್ನಬಹುದು" ಅಂದ. ಹಾಗಾದರೆ ಪುಳಿಯೋಗರೆ ಒಯ್ಯಬಹುದು ಅಂತಾಯ್ತು. ಚಕ್ಕುಲಿ ಬೇಡ, ಕುರುಕುರು ಸದ್ದು ಬರುತ್ತೆ ಅಂದ. ಡಬ್ಬ ಕಾರಿನಲ್ಲೇ ಉಳಿಯಿತು.

ರಾತ್ರಿ ರೋಲಾ ಊರಿನ ಒಂದು ಮೋಟೆಲ್‌ನಲ್ಲಿ ಉಳಿದೆವು. ಅಲ್ಲಿ ಅವನು ಅಂಗುಳಕ್ಕೆ ಒತ್ತಿಕೊಂಡು ಊದುವ ರಬ್ಬರ್ ಪೀಪಿ ತೆಗೆದು ಹೇಂಟೆಯ ಕೂಗು ಅಭ್ಯಾಸ ಮಾಡಿದ. ಕ್ಯಾವ್, ಕ್ಯಾವ್, ಕ್ಯಾವ್. ಪಕ್ಕದ ಕೋಣೆಯವರು ಗೋಡೆ ಗುದ್ದಿದರು. ಅಭ್ಯಾಸ ಮುಗಿಯಿತು.

ಇಷ್ಟೆಲ್ಲ ಧೈರ್ಯ ಇರುವ ಮನುಷ್ಯನಿಗೆ ಒಂದೇ ಒಂದು ಭಯ. ಉಣುಗು. ನನಗೆ ನಗು ಬಂತು. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಉಣುಗಿನ ವಿಷಯ ಮಲೆನಾಡಿನವನಿಗೆ ಹೇಳಿಕೊಡಬೇಕಾ? ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವವರನ್ನು ನೋಡಿ ಬೆಳೆದವನು ನಾನು. ಆದರೆ ಇಲ್ಲಿಯ ಉಣುಗಿನ ಕತೆ ಕೇಳಿ ನಾನೂ ಸ್ವಲ್ಪ ಗಂಭೀರನಾದೆ. ಲೋನ್ ಸ್ಟಾರ್ ಅಂತ ಹೆಸರು. ಹೆಣ್ಣುಣುಗಿನ ಬೆನ್ನ ಮೇಲೆ ಒಂದೇ ಒಂದು ಬಿಳಿ ಚುಕ್ಕೆ. ಅದು ಕಚ್ಚಿದ ಕೆಲವರಿಗೆ ಆಮೇಲೆ ಕುರಿ, ಹಂದಿ, ದನದ ಮಾಂಸ ಯಾವುದೂ ಒಗ್ಗುವುದಿಲ್ಲ. ತಿಂದು ಕೆಲವು ಗಂಟೆ ಕಳೆದ ಮೇಲೆ ಮೈಯೆಲ್ಲ ದದ್ದು, ಜಾಸ್ತಿಯಾದರೆ ಆಸ್ಪತ್ರೆ. ಕೋಳಿ, ಟರ್ಕಿಗೆ ತೊಂದರೆ ಇಲ್ಲ.

"ಪಂದಿ ಕರಿ ತಿನ್ನೋ ಹಾಗಿಲ್ಲ ಮಾರಾಯ! ಊರಿಂದ ತಂದ ಕಾಚಂಪುಳಿ ಬಾಟ್ಲಿ ಇನ್ನೂ ಒಡೆದಿಲ್ಲ!" ಅಂದ. ಪಂದಿ ಕರಿ ಅಂದರೆ ಕೊಡಗಿನ ಹಂದಿ ಸಾರು, ಕಾಚಂಪುಳಿ ಅದಕ್ಕೆ ಹಾಕುವ ಕಪ್ಪು ಹುಳಿ. ಆ ದನಿಯಲ್ಲಿ ನಿಜವಾದ ಸಂಕಟ ಇತ್ತು.

ಬಟ್ಟೆಗೆಲ್ಲ ಮೊದಲೇ ಔಷಧಿ ಸಿಂಪಡಿಸಿದ್ದ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ ಸುತ್ತ ಟೇಪ್ ಹಚ್ಚಿದ. ನನಗೂ ಹಚ್ಚಿದ. ಆಮೇಲೆ ಇಡೀ ದಿನ ಅರ್ಧ ಗಂಟೆಗೊಮ್ಮೆ ಕತ್ತು ಬಗ್ಗಿಸಿ "ನೋಡು, ಏನಾದ್ರೂ ಉಂಟಾ?" ಅಂತ ಕೇಳುತ್ತಿದ್ದ. ಅವನ ಕಿವಿಯ ಹಿಂದೆ ಒಂದು ಚುಕ್ಕೆ ಇದೆ, ಹುಟ್ಟುಮಚ್ಚೆ. ಅದನ್ನು ಉಗುರಲ್ಲಿ ಕೆರೆದು ನೋಡೋ ಕೆಲಸ ನನ್ನದು.

ಶನಿವಾರ ಬೆಳಗಿನ ಜಾವದ ಕತ್ತಲಲ್ಲಿ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯಕ್ಕೆ ಹೊಕ್ಕೆವು. ನನ್ನ ಹೆಗಲಿಗೆ ಹಾಕಿದ ಚೀಲದಲ್ಲಿ ಬಾಕ್ಸ್ ಕಾಲ್ ಇತ್ತು. ಮರದ ಪುಟ್ಟ ಪೆಟ್ಟಿಗೆ, ಮುಚ್ಚಳಕ್ಕೆ ಸೀಮೆಸುಣ್ಣ ಸವರಿ ಉಜ್ಜಿದರೆ ಹೇಂಟೆ ಕೂಗಿದ ಸದ್ದು. ಮುಚ್ಚಳ ಅಲ್ಲಾಡದಂತೆ ಅವನು ಸುತ್ತಿದ್ದ ರಬ್ಬರ್ ಬ್ಯಾಂಡ್ ದಾರಿಯಲ್ಲಿ ಪಟ್ಟಂತ ಹರಿಯಿತು. ಆಮೇಲೆ ನಾನಿಟ್ಟ ಹೆಜ್ಜೆಗೊಂದು ಕುಂಯ್. "ಶ್!" ಅಂತ ಅವನು. ಕುಂಯ್ ಅಂತ ಪೆಟ್ಟಿಗೆ. ಕೊನೆಗೆ ತನ್ನ ಟೋಪಿಯನ್ನೇ ಅದಕ್ಕೆ ತೊಡಿಸಿದ.

ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆವು. ಅವನು ಗೂಬೆಯ ಹಾಗೆ ಕೂಗಿದ. ಗೂಬೆ ಕೂಗು ಕೇಳಿದರೆ ಮರದ ಮೇಲಿನ ಹುಂಜ ತಡೆಯಲಾರದೆ ತಾನೂ ಕೂಗುತ್ತದೆ, ಆಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ಹುಂಜ ಕೂಗಲಿಲ್ಲ. ಗೂಬೆ ಬಂತು. ನಮ್ಮ ತಲೆ ಮೇಲಿನ ಕೊಂಬೆಯಲ್ಲಿ ಕೂತು, ತನ್ನ ಜಾಗಕ್ಕೆ ಬಂದ ಈ ಹೊಸ ಗೂಬೆ ಯಾರು ಅಂತ ಬಹಳ ಹೊತ್ತು ಬಗ್ಗಿ ನೋಡಿತು. ಕಾಗೆ ಪೀಪಿ ಊದಿದ, ಉತ್ತರ ಇಲ್ಲ. ರಬ್ಬರ್ ಪೀಪಿ ಊದಿದ, ಪೆಟ್ಟಿಗೆ ಉಜ್ಜಿದ. ಕಾಡು ಸುಮ್ನೆ ಇತ್ತು. ನನ್ನ ಎರಡೂ ಕಾಲು ಜೋಮು ಹಿಡಿದು ಯಾರದ್ದೋ ಕಾಲಾಗಿದ್ದವು.

ಏಪ್ರಿಲ್ ಕೊನೆಗೆ ಓಕ್ ಮರಗಳು ಹಳದಿ ಪರಾಗ ಸುರಿಸುತ್ತವೆ. ಅವನಿಗೆ ಅದರ ಅಲರ್ಜಿ ಉಂಟು. ಮಾತ್ರೆ ತಗೊಂಡರೆ ನಿದ್ದೆ ಬರುತ್ತೆ ಅಂತ ತಗೊಂಡಿರಲಿಲ್ಲ. ಮೊದಲು ಮೂಗು ಅರಳಿತು. ಆಮೇಲೆ ಕಣ್ಣು ಮುಚ್ಚಿತು. ಆಮೇಲೆ, ಇಡೀ ಕಣಿವೆ ಮೊಳಗುವ ಹಾಗೆ, "ಆ... ಆಕ್ಷೀ!"

"ಗೊಳಗೊಳಗೊಳಗೊಳ!" ಅಂತ ಗುಡ್ಡದ ಆಚೆಯಿಂದ ಉತ್ತರ ಬಂತು.

ಅಷ್ಟು ದುಡ್ಡು ಸುರಿದು ತಂದ ಪೀಪಿಗಳಿಗೆ ಬಾಯಿ ಬಿಡದ ಹುಂಜ ಒಂದು ಸೀನಿಗೆ ಓಗೊಟ್ಟಿತ್ತು. ಜೋರು ಸದ್ದು ಯಾವುದಾದರೂ ಅಷ್ಟೇ, ಗುಡುಗಾಗಲಿ, ಕಾರಿನ ಬಾಗಿಲಾಗಲಿ, ಈ ಕಾಲದಲ್ಲಿ ಹುಂಜಕ್ಕೆ ಬಾಯಿ ನಿಲ್ಲುವುದಿಲ್ಲವಂತೆ. ಅವನು ಮೆಲ್ಲಗೆ ಹೇಂಟೆಯ ದನಿ ಹೊರಡಿಸಿದ. ಹುಂಜ ಮತ್ತೆ ಕೂಗಿತು, ಈ ಸಲ ಇನ್ನೂ ಹತ್ತಿರ. ಆಮೇಲೆ ನಿಂತುಬಿಟ್ಟಿತು. ಕಾಡಿನ ಪದ್ಧತಿಯಲ್ಲಿ ಹುಂಜ ಕೂಗಿದರೆ ಹೇಂಟೆಯೇ ಹುಡುಕಿಕೊಂಡು ಹೋಗಬೇಕು. ಇಲ್ಲಿ ನಾವು ಉಲ್ಟಾ ಕರೆಯುತ್ತಿದ್ದೆವು. ಹಾಗಾಗಿ ಅದು ಗಂಡಿನ ಕಡೆಯ ಬೀಗರ ಹಾಗೆ ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತಾ, ಯಾರಾದರೂ ಎದುರುಗೊಳ್ಳಲಿ ಅಂತ ಪೊದೆಯಾಚೆ ಅಡ್ಡಾಡುತ್ತಿತ್ತು. ಕೊನೆಗೆ ಮನಸ್ಸು ಮಾಡಿ ಹೊರಗೆ ಬಂತು. ಬಿಸಿಲು ಬಿದ್ದಾಗ ಆ ಗರಿಗಳಲ್ಲಿ ತಾಮ್ರ, ಹಸಿರು ಎರಡೂ ಹೊಳೆದವು. ತಲೆ ನೋಡನೋಡುತ್ತಲೇ ಬಿಳಿಯಿಂದ ನೀಲಿಗೆ ತಿರುಗಿತು. ನಲವತ್ತು ಗಜದೊಳಗೆ ಬಂದರೆ ಹೊಡೆಯಬಹುದು. ಇನ್ನು ನಾಲ್ಕು ಹೆಜ್ಜೆ ಸಾಕಿತ್ತು.

ಆಗ ಅವನ ಮೂಗು ಮತ್ತೆ ಅರಳಿತು. ಈ ಸಲ ತಡೆಯಬೇಕು ಅಂತ ಸರಕ್ಕನೆ ಜೇಬಿಗೆ ಕೈಹಾಕಿ ಕರ್ಚೀಫ್ ತೆಗೆದ. ಅಚ್ಚ ಬಿಳಿ, ಇಸ್ತ್ರಿ ಮಾಡಿದ್ದು.

"ಪಟ್" ಅಂತ ಒಂದೇ ಸದ್ದು. ಹುಂಜ ಇದ್ದ ಜಾಗದಲ್ಲಿ ಬರೀ ತರಗೆಲೆ.

"ನಿನ್ನೆ ನನ್ನ ಕುಂಕುಮ ಒರೆಸಿದೆಯಲ್ಲಾ" ಅಂದೆ.

"ಮಾತಾಡಬೇಡ" ಅಂದು ಸೀನಿದ. ದೂರದಿಂದ ಗೊಳಗೊಳ ಅಂತ ಉತ್ತರ ಬಂತು.

ಸರ್ಕಾರಿ ಕಾಡಿನಲ್ಲಿ ಬೇಟೆ ಮಧ್ಯಾಹ್ನ 1 ಗಂಟೆಗೆ ಮುಗಿಯಬೇಕು. ಕೋವಿ ಖಾಲಿ ಮಾಡಿ, ಚೀಲಕ್ಕೆ ಹಾಕಿ, ಕಾರಿನ ಡಿಕ್ಕಿಗಿಟ್ಟು ಹೊರಟೆವು. 1:20ಕ್ಕೆ ತಿರುವಿನಲ್ಲಿ ರಸ್ತೆ ಮಧ್ಯೆ ಒಂದು ಭಾರಿ ಹುಂಜ, ಜೊತೆಗೆ ಎರಡು ಹೇಂಟೆ. ಹಾರ್ನ್ ಹೊಡೆದರೂ ಸರಿಯಲಿಲ್ಲ. ಕೂಗಿತು ಅಷ್ಟೇ. ಬಾಲ ಪೂರ್ತಿ ಬಿಚ್ಚಿ ಒಂದು ಸುತ್ತು ತಿರುಗಿ ತೋರಿಸಿ, ಆಮೇಲೆ ನಿಧಾನಕ್ಕೆ ದಾಟಿತು.

ಭಾನುವಾರ ಮಳೆ. ಪೆಟ್ಟಿಗೆ ನೆನೆದು ದನಿ ಕಳೆದುಕೊಂಡಿತು. ಹುಂಜಗಳು ಗುಡುಗಿನ ಜೊತೆ ಮಾತಾಡಿಕೊಂಡಿದ್ದವು, ನಮ್ಮನ್ನು ಕೇಳುವವರಿಲ್ಲ. ವಾಪಸ್ ಬರುವಾಗ ಸತ್ತ ಎಲ್ಮ್ ಮರವೊಂದರ ಬುಡದಲ್ಲಿ ಮೋರೆಲ್ ಅಣಬೆ ಸಿಕ್ಕಿತು. ಜೇನುಗೂಡಿನ ಹಾಗೆ ತೂತುತೂತು. ಇಲ್ಲಿಯವರು ಇದಕ್ಕೆ ಪ್ರಾಣ ಬಿಡುತ್ತಾರೆ. ಒಂದು ಟೋಪಿ ತುಂಬ ಕಿತ್ತೆವು.

ರಾತ್ರಿ ಅಣಬೆಯನ್ನು ಚೆನ್ನಾಗಿ ಬೇಯಿಸಿ, ಕಾಳುಮೆಣಸು ಹಾಕಿ ಪಲ್ಯ ಮಾಡುತ್ತಿದ್ದೆ. ಅಮ್ಮನ ಫೋನ್ ಬಂತು. ಊರಲ್ಲಿ ಆಗ ಬೆಳಗಿನ ಕಾಫಿ ಹೊತ್ತು. ಎಲ್ಲ ಹೇಳಿದೆ. ಮೋಟೆಲ್ ಬಾಡಿಗೆಯನ್ನೂ ಹೇಳಿಬಿಟ್ಟೆ.

"ಅಣಬೆ ಕೀಳೋಕೆ ಕೋವಿ ಯಾಕೆ ಬೇಕಿತ್ತೋ?" ಅಂದಳು.